ಕ್ಯಾಮೆರಾ ಹಳೆಯದು, ತಂತ್ರಾಂಶವೂ ಹಳೆಯದೇ ಇರಬೇಕೆ?

ನೀವು ಶಿಡ್ಲಘಟ್ಟದ ಸುತ್ತಮುತ್ತಲಿನ ಶಾಲೆಯೊಂದರ ವಿಜ್ಞಾನ ಅಧ್ಯಾಪಕರು ಎಂದುಕೊಳ್ಳಿ. ಹಣ್ಣಾದ ರೇಷ್ಮೆಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಅದು ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತದೆ. ಮನೆಯಲ್ಲಿ ದಿನವೂ ಹುಳು ನೋಡುವ ಮಕ್ಕಳೂ ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿರುವುದಿಲ್ಲ. ಐದು ನಿಮಿಷಕ್ಕೆ ಒಂದರಂತೆ ಚಿತ್ರ ತೆಗೆದರೆ ಮೂರು ದಿನಕ್ಕೆ 864 ಚಿತ್ರಗಳಾಗುತ್ತವೆ. ಸೆಕೆಂಡಿಗೆ 24ರಂತೆ ಓಡಿಸಿದರೆ 36 ಸೆಕೆಂಡಿನಲ್ಲಿ ಇಡೀ ಗೂಡು ಕಣ್ಣೆದುರು ಬೆಳೆಯುತ್ತದೆ!

ಶಾಲೆಯ ಬೀರುವಿನಲ್ಲಿ ಹದಿನೈದು ವರ್ಷ ಹಳೆಯ ಡಿಜಿಟಲ್ ಕ್ಯಾಮೆರಾ ಇದೆ. ಅದರಲ್ಲಿ ಗಡಿಯಾರವಿದೆ, ಷಟರ್ ಇದೆ, ಎರಡನ್ನೂ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಕೂಡ ಇದೆ. ಆದರೆ ಐದು ನಿಮಿಷಕ್ಕೊಮ್ಮೆ ತಾನಾಗಿ ಚಿತ್ರ ತೆಗೆಯುವ ಆಯ್ಕೆ ಮಾತ್ರ ಎಲ್ಲಿ ಹುಡುಕಿದರೂ ಸಿಗದು. ಕೊರತೆ ಯಂತ್ರಾಂಶದ್ದಲ್ಲ, ಕ್ಯಾಮೆರಾದೊಳಗೆ ತಯಾರಕರು ಬರೆದಿಟ್ಟ ತಂತ್ರಾಂಶದ್ದು. ಇದನ್ನೇ ಫರ್ಮ್‌ವೇರ್ ಎನ್ನುತ್ತಾರೆ. ಮಸೂರದ ಚಲನೆ, ಬೆಳಕಿನ ಅಳತೆ, ಚಿತ್ರವನ್ನು ಕಾರ್ಡಿನಲ್ಲಿ ಉಳಿಸುವುದು ಎಲ್ಲವೂ ಇದರ ಅಪ್ಪಣೆಯಂತೆ ನಡೆಯುತ್ತವೆ. ಇದನ್ನು ಅಳಿಸಿ ಹೊಸದನ್ನು ಬರೆಯಲು ಸಾಧ್ಯ. ಹಾಗಾದರೆ ಮಾರಿಯಾದ ಕ್ಯಾಮೆರಾಗಳಿಗೂ ತಯಾರಕರು ಹೊಸ ಫರ್ಮ್‌ವೇರ್ ಕೊಡಬೇಕೆ?

ಕೊಡಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಎಲ್ಲವನ್ನೂ ಪುಕ್ಕಟೆಯಾಗಿ, ಎಂದೆಂದಿಗೂ ಎಂದು ಕೇಳುವುದು ನ್ಯಾಯವಲ್ಲ.

ಮೊದಲು ಮೆಮರಿ ಕಾರ್ಡನ್ನು ನೋಡೋಣ. ಆರಂಭದ ಎಸ್‌ಡಿ ಕಾರ್ಡುಗಳ ಗರಿಷ್ಠ ಸಾಮರ್ಥ್ಯ 2 ಗಿಗಾಬೈಟ್. 2006ರಲ್ಲಿ 32 ಗಿಗಾಬೈಟ್‌ವರೆಗಿನ ಎಸ್‌ಡಿಎಚ್‌ಸಿ ಕಾರ್ಡು ಬಂತು. ಆಕಾರ ಅದೇ, ಗಾಡಿಯಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಹಳೆಯ ಕ್ಯಾಮೆರಾಕ್ಕೆ ಓದಲು ಬಾರದು. ಚಿಂತಾಮಣಿ ಅಥವಾ ಚಿಕ್ಕಬಳ್ಳಾಪುರದ ಮೊಬೈಲ್ ಅಂಗಡಿಯಲ್ಲಿ 2 ಗಿಗಾಬೈಟ್ ಕಾರ್ಡು ಕೇಳಿ ನೋಡಿ, ಅಂಗಡಿಯವರು ನಿಮ್ಮ ಮುಖವನ್ನೇ ನೋಡುತ್ತಾರೆ. ಪೆಂಟ್ಯಾಕ್ಸ್ ಕಂಪೆನಿ ಕೆ100ಡಿಯಂಥ ಮಾದರಿಗಳಿಗೆ ಹೊಸ ಫರ್ಮ್‌ವೇರ್ ಕೊಟ್ಟು ದೊಡ್ಡ ಕಾರ್ಡನ್ನು ಓದುವಂತೆ ಮಾಡಿತು. ಇಂಥ ನೆರವು ಸಿಗದ ಎಷ್ಟೋ ಕ್ಯಾಮೆರಾಗಳು ಮಸೂರ ಚೆನ್ನಾಗಿರುವಾಗಲೇ ಮೂಲೆ ಸೇರಿದವು. ಈ ಬಗೆಯ ತಿದ್ದುಪಡಿ ಉಪಕಾರವಲ್ಲ, ಮಾರಿದವರ ಹೊಣೆ.

ಎರಡನೆಯ ಉದಾಹರಣೆಯನ್ನು ಭೌತವಿಜ್ಞಾನದ ತರಗತಿಯಲ್ಲೂ ಬಳಸಬಹುದು. 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾ ವಿಡಿಯೋವನ್ನು ಸೆಕೆಂಡಿಗೆ 30 ಚೌಕಟ್ಟುಗಳ ವೇಗದಲ್ಲಿ ಮಾತ್ರ ತೆಗೆಯುತ್ತಿತ್ತು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. 100ನ್ನು 30ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಒಂದು ಚೌಕಟ್ಟಿನ ಅವಧಿಗೆ ಬಂದಷ್ಟೇ ಮಿನುಗು ಮುಂದಿನದಕ್ಕೆ ಬರುವುದಿಲ್ಲ, ಹಾಗಾಗಿ ಚಿತ್ರ ಅದುರಿದಂತೆ ಕಾಣಬಹುದು. 25 ಚೌಕಟ್ಟುಗಳಾದರೆ ಒಂದೊಂದಕ್ಕೂ ಸರಿಯಾಗಿ ನಾಲ್ಕು ಮಿನುಗು. ಬಳಕೆದಾರರ ಒತ್ತಾಯದ ಮೇರೆಗೆ 2010ರಲ್ಲಿ ಹೊಸ ಫರ್ಮ್‌ವೇರ್ ಮೂಲಕ 24 ಮತ್ತು 25ರ ವೇಗಗಳು ಬಂದವು. ಕ್ಯಾಮೆರಾದ ಒಂದು ತಿರುಪನ್ನೂ ಬದಲಿಸಿರಲಿಲ್ಲ. (ಕೇಳಿದವರಲ್ಲಿ ಸಿನಿಮಾದವರಿದ್ದರು. ಶಾಲಾ ಮೇಷ್ಟರು ಕೇಳಿದ್ದರೆ ಏನಾಗುತ್ತಿತ್ತೋ!)

ಇದಕ್ಕೆ ವಿರುದ್ಧದ ಕಥೆಯೂ ಅದೇ ಕಂಪೆನಿಯದು. 2003ರ ಕ್ಯಾನನ್ 300ಡಿ, ಅದೇ ವರ್ಷದ ದುಬಾರಿ 10ಡಿಯ ಒಳಗಿನ ಬಹುಭಾಗವನ್ನು ಹಂಚಿಕೊಂಡಿತ್ತು. ಆದರೆ ಕೆಲವು ಸೌಲಭ್ಯಗಳು ಕಾಣಿಸುತ್ತಿರಲಿಲ್ಲ. ಹೊರಗಿನ ಒಬ್ಬ ತಂತ್ರಜ್ಞರು ಫರ್ಮ್‌ವೇರನ್ನು ಮಾರ್ಪಡಿಸಿದಾಗ ಅವು ಪ್ರತ್ಯಕ್ಷವಾದವು. ಅವುಗಳಲ್ಲೊಂದು, ಚಿತ್ರ ತೆಗೆಯುವ ಮೊದಲೇ ಒಳಗಿನ ಕನ್ನಡಿಯನ್ನು ಮೇಲೆತ್ತಿ ನಿಲ್ಲಿಸುವುದು. ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಚಂದ್ರನ ಚಿತ್ರ ತೆಗೆದವರಿಗೆ ಇದರ ಬೆಲೆ ಗೊತ್ತು, ಕನ್ನಡಿ ಬಡಿಯುವ ಕಂಪನಕ್ಕೇ ಕುಳಿಗಳ ಅಂಚು ಮಸುಕಾಗುತ್ತದೆ. ಕೊಂಡ ವಸ್ತುವಿನೊಳಗಿನ ಶಕ್ತಿಗೆ ಕೊಂಡವರಿಗೇ ಬೀಗ ಹಾಕುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ತಯಾರಕರ ವಾದವನ್ನೂ ಕೇಳಬೇಕು. ಪ್ರತಿ ಮಾದರಿಗೂ ಹೊಸ ತಂತ್ರಾಂಶ ಬರೆದು ಪರೀಕ್ಷಿಸಲು ಖರ್ಚಿದೆ. ಬರೆಯುವಾಗ ನಡುವೆ ಬ್ಯಾಟರಿ ಮುಗಿದರೆ ಕ್ಯಾಮೆರಾ ಕಲ್ಲಾಗಿ ಕೂರಬಹುದು. ಎರಡೂ ನಿಜ. ಹಳೆಯದು ಚೆನ್ನಾಗಿ ನಡೆದರೆ ಹೊಸದನ್ನು ಯಾರು ಕೊಳ್ಳುತ್ತಾರೆ ಎಂಬ ಮೂರನೆಯ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೆ ಫ್ಯೂಜಿಫಿಲ್ಮ್ ಉತ್ತರ ಕೊಟ್ಟಿದೆ. 2011ರ ಎಕ್ಸ್100 ಮಾದರಿಯ ಉತ್ತರಾಧಿಕಾರಿ 2013ರ ಆರಂಭದಲ್ಲೇ ಬಂದಿದ್ದರೂ, ಅದೇ ವರ್ಷದ ಅಕ್ಟೋಬರಿನಲ್ಲಿ ಹಳೆಯದಕ್ಕೆ ಹೊಸ ಫರ್ಮ್‌ವೇರ್ ಕೊಟ್ಟು ಫೋಕಸ್ ವ್ಯವಸ್ಥೆಯನ್ನು ಸುಧಾರಿಸಿತು. ಕಂಪೆನಿ ಮುಳುಗಲಿಲ್ಲ, ಆ ಸರಣಿ ಇನ್ನೂ ಮುಂದುವರಿದಿದೆ.

ಸಂಗ್ರಹಿಸುವ ಭಾಗ ಹಳೆಯದಾದರೂ ಸಂಸ್ಕರಿಸುವ ಭಾಗವನ್ನು ಹೊಸದಾಗಿಸಬಹುದು ಎಂಬುದಕ್ಕೆ ನಮ್ಮ ಗೌರಿಬಿದನೂರಿನಲ್ಲೇ ಸಾಕ್ಷಿಯಿದೆ. ಅಲ್ಲಿನ ರೇಡಿಯೋ ವೀಕ್ಷಣಾಲಯದಲ್ಲಿ ಸೂರ್ಯನನ್ನು ಗಮನಿಸುವ ರೇಡಿಯೋಹೀಲಿಯೋಗ್ರಾಫ್ 1997ರಿಂದ ಕೆಲಸ ಮಾಡುತ್ತಿದೆ. ಮುಂದೆ ಅದರ ಆಂಟೆನಾಗಳನ್ನು 384ಕ್ಕೆ ಹೆಚ್ಚಿಸಿ, ಅವುಗಳ ಸಂಕೇತಗಳನ್ನು ಹೊಂದಿಸುವ ಭಾಗವನ್ನು ಹೊಸ ಡಿಜಿಟಲ್ ವ್ಯವಸ್ಥೆಗೆ ಬದಲಿಸಿದರು. ಉಪಕರಣ ಹಳೆಯದಾಯಿತೆಂದು ಬಯಲನ್ನು ಖಾಲಿ ಮಾಡಲಿಲ್ಲ. ಹೋಲಿಕೆ ಪೂರ್ತಿ ಸರಿಯಲ್ಲ, ಅಲ್ಲಿ ಯಂತ್ರಾಂಶವೂ ಬದಲಾಯಿತು. ಆದರೆ ಅಲ್ಲಿ ಉಪಕರಣದ ಒಳಗನ್ನು ಬಲ್ಲವರೇ ಅದರ ಒಡೆಯರು. ಕ್ಯಾಮೆರಾ ಕೊಂಡ ನಮಗೆ ಆ ಭಾಗ್ಯವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ದೋಷಗಳ ತಿದ್ದುಪಡಿ ಉಚಿತವಾಗಿರಲಿ. ನಿಜಕ್ಕೂ ಹೊಸದಾದ ಸೌಲಭ್ಯಕ್ಕೆ ಮಿತವಾದ ಬೆಲೆ ಕೇಳಲಿ. ಮಾದರಿಯ ತಯಾರಿಕೆ ನಿಂತು, ತಮಗೆ ಅದರಲ್ಲಿ ಆಸಕ್ತಿ ಇಲ್ಲವಾದ ಮೇಲೆ, ಫರ್ಮ್‌ವೇರ್ ಬರೆಯಲು ಬೇಕಾದ ವಿವರಗಳನ್ನು ಪ್ರಕಟಿಸಲಿ. ಬರೆಯುವವರು ಇದ್ದಾರೆ. ಕ್ಯಾನನ್ ಪವರ್‌ಶಾಟ್‌ಗಳಿಗೆ ಹವ್ಯಾಸಿಗಳು ರೂಪಿಸಿದ ಸಿಎಚ್‌ಡಿಕೆ ಎಂಬ ಉಚಿತ ತಂತ್ರಾಂಶ ಕಾರ್ಡಿನಿಂದಲೇ ಓಡುತ್ತದೆ, ಮೂಲ ಫರ್ಮ್‌ವೇರನ್ನು ಅಳಿಸುವುದಿಲ್ಲ. ಇಷ್ಟು ಹೊತ್ತಿಗೊಂದು ಚಿತ್ರ ತೆಗೆ ಎಂದು ನಾಲ್ಕು ಸಾಲಿನ ಪ್ರೋಗ್ರಾಮ್ ಬರೆದುಕೊಟ್ಟರೆ ಕ್ಯಾಮೆರಾ ಹಾಗೆಯೇ ಮಾಡುತ್ತದೆ. ಕಂಪೆನಿ ಇದಕ್ಕೆ ಹೊಣೆಯಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ನಿಮ್ಮ ಶಾಲೆಯ ಬೀರು ತೆರೆದು ಕ್ಯಾಮೆರಾದ ಮಾದರಿ ಸಂಖ್ಯೆ ಬರೆದುಕೊಳ್ಳಿ. ತಯಾರಕರ ಸ್ವಂತ ಜಾಲತಾಣದಲ್ಲಿ ಆ ಮಾದರಿಗೆ ಹೊಸ ಫರ್ಮ್‌ವೇರ್ ಇದೆಯೇ ನೋಡಿ. ಇದ್ದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡೇ ಕೆಲಸ ಶುರುಮಾಡಿ. ರೇಷ್ಮೆಗೂಡಿನ ಚಿತ್ರಕ್ಕೆ ಫ್ಲ್ಯಾಷ್ ಬೇಡ, ಮಂದ ಬೆಳಕು ಸಾಕು. 864 ಚಿತ್ರಗಳಿಗೆ ಒಂದು ಬ್ಯಾಟರಿ ಸಾಲದು, ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಕೊಡುವ ಅಡಾಪ್ಟರ್ ಸಿಗುತ್ತದೆಯೇ ವಿಚಾರಿಸಿ. ಕರೆಂಟು ಹೋದಾಗ ಏನು ಮಾಡುವುದೆಂದು ಮಕ್ಕಳನ್ನೇ ಕೇಳಿ.