ಅಂಗಳದಿಂದ ಆಂಡ್ರೊಮಿಡಾಗೆ

ಆಂಡ್ರೊಮಿಡಾ ಗ್ಯಾಲಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ದಟ್ಟ ಕತ್ತಲಿರುವ ಊರಿನಲ್ಲಿ ಅದು ಬರಿಗಣ್ಣಿಗೂ ಮಂಜಿನ ತುಣುಕಿನಂತೆ ಕಾಣುತ್ತದೆ. ಅದರ ಸುರುಳಿ ತೋಳುಗಳು ಸ್ಪಷ್ಟವಾಗಿ ಕಾಣಬೇಕಾದರೆ ಮಾತ್ರ ಬೆಳಕನ್ನು ಬಹಳ ಹೊತ್ತು ಕೂಡಿಡಬಲ್ಲ ಕ್ಯಾಮೆರಾ ಬೇಕು.

ಹೀಗೆ ಆಕಾಶದ ಚಿತ್ರ ತೆಗೆಯುವ ಕಲೆಗೆ ದಾರಿ ಹಾಕಿದವರಲ್ಲಿ ಹವ್ಯಾಸಿಗಳಿದ್ದಾರೆ. ವೇಲ್ಸ್ ಮೂಲದ ಕಟ್ಟಡ ಗುತ್ತಿಗೆದಾರ ಐಸಾಕ್ ರಾಬರ್ಟ್ಸ್ 1888ರಲ್ಲಿ 20 ಅಂಗುಲ ಕನ್ನಡಿಯ ದೂರದರ್ಶಕದಿಂದ ಆಂಡ್ರೊಮಿಡಾದ ಚಿತ್ರ ತೆಗೆದರು. ಆಗ ನೀಹಾರಿಕೆಯೆಂದೇ ಕರೆಸಿಕೊಳ್ಳುತ್ತಿದ್ದ ಅದರ ಸುರುಳಿ ರಚನೆ ಆ ಚಿತ್ರದಲ್ಲಿ ಎದ್ದು ಕಂಡಿತು.

ಇಂದಿನ ಹವ್ಯಾಸಿಗೆ ಆ ಕಾಲದ ಗಾಜಿನ ಛಾಯಾಫಲಕದ ಬದಲು ಡಿಜಿಟಲ್ ಸೆನ್ಸರ್ ಸಿಕ್ಕಿದೆ. ತಾಳ್ಮೆಯ ಅಗತ್ಯ ಹಾಗೆಯೇ ಉಳಿದಿದೆ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಚೌಕಟ್ಟಿನಿಂದ ಜಾರುತ್ತವೆ. ಆದ್ದರಿಂದ ದೂರದರ್ಶಕವನ್ನು ಹೊತ್ತ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಟ್ಟು, ಅವುಗಳ ವೇಗಕ್ಕೆ ಸರಿಯಾಗಿ ಮೋಟಾರಿನಿಂದ ತಿರುಗಿಸಬೇಕು. ಕೆಲವೇ ನಿಮಿಷಗಳ ಚಿತ್ರಗಳನ್ನು ನೂರಾರು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿದಾಗ ಸೆನ್ಸರಿನಿಂದ ಚಿತ್ರದಲ್ಲಿ ಮೂಡುವ ಕಾಳುಕಾಳು ಕಲೆ ತಗ್ಗಿ, ಧೂಳಿನ ಕಪ್ಪು ಪಟ್ಟಿಗಳು, ಹೊಸ ನಕ್ಷತ್ರಗಳು ಹುಟ್ಟುವ ಗುಲಾಬಿ ಮೋಡಗಳು ಒಂದೊಂದಾಗಿ ಮೂಡುತ್ತವೆ.



ಹವ್ಯಾಸಿಗಳ ಈ ಕೆಲಸದಿಂದ ವಿಜ್ಞಾನಕ್ಕೂ ಲಾಭವಾಗಿದೆ. ಫ್ರಾನ್ಸಿನ ಹವ್ಯಾಸಿ ಯಾನ್ ಸೆಂಟಿ ಪುಟ್ಟ ದೂರದರ್ಶಕಕ್ಕೆ ಆಮ್ಲಜನಕದ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಿ ತೆಗೆದ ಚಿತ್ರಗಳಲ್ಲಿ ಆಂಡ್ರೊಮಿಡಾದ ಪಕ್ಕ ನೀಲಿ ಕಮಾನೊಂದು ಕಂಡಿತು. ಅಷ್ಟು ಸಲ ಚಿತ್ರವಾದ ಆಕಾಶದ ಆ ಮೂಲೆಯಲ್ಲಿ ಅದುವರೆಗೆ ಯಾರೂ ಅದನ್ನು ಗುರುತಿಸಿರಲಿಲ್ಲ. ಸೆಂಟಿಯೂ ಜೊತೆಗಾರ ಹವ್ಯಾಸಿಗಳಾದ ಮಾರ್ಸೆಲ್ ಡ್ರೆಕ್ಸ್‌ಲರ್, ಝೇವಿಯರ್ ಸ್ಟ್ರಾಟ್ನರ್ ಅವರೂ ವೃತ್ತಿಪರ ಖಗೋಳಜ್ಞರೊಡನೆ 2023ರಲ್ಲಿ ಈ ಶೋಧವನ್ನು ಪ್ರಕಟಿಸಿದರು; ಅದೇ ವರ್ಷ ಗ್ರೀನಿಚ್‌ನ ರಾಯಲ್ ವೀಕ್ಷಣಾಲಯದ ಖಗೋಳ ಛಾಯಾಗ್ರಹಣ ಸ್ಪರ್ಧೆಯ ಅಗ್ರ ಪ್ರಶಸ್ತಿಯೂ ಆ ಕಮಾನಿನ ಚಿತ್ರಕ್ಕೆ ಬಂತು.