‘ಜಲಗಾರ’ನ ಶಿವನೂ ಶರಣರ ಶಿವನೂ

ಕುವೆಂಪು ಅವರನ್ನು ಕುರಿತು ಭಕ್ತವಲಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವುದುಂಟು. ಗುಡಿ, ಪೌರೋಹಿತ್ಯ, ಜ್ಯೋತಿಷ್ಯಗಳನ್ನು ನಿಷ್ಠುರವಾಗಿ ಖಂಡಿಸಿದ ಅವರು ನಾಸ್ತಿಕರೆಂಬುದು ಒಂದು. ಮೈಸೂರಿನ ಶ್ರೀರಾಮಕೃಷ್ಣಾಶ್ರಮದಲ್ಲಿ ಬಾಳಿ, 1929ರಲ್ಲಿ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದ ಅವರು ಪರಮ ಆಸ್ತಿಕರೆಂಬುದು ಇನ್ನೊಂದು. ಈ ಎರಡು ಮಾತುಗಳೂ ಅರ್ಧಸತ್ಯಗಳೇ. ದೀಕ್ಷೆಗೆ ಒಂದು ವರ್ಷ ಮೊದಲು, 1928ರಲ್ಲಿ, ಪ್ರಕಟವಾದ ‘ಜಲಗಾರ’ ಎಂಬ ಪುಟ್ಟ ನಾಟಕವನ್ನು ಸಾವಧಾನವಾಗಿ ಓದಿದವರಿಗೆ ಅವರ ವಿಚಾರಸ್ವಾತಂತ್ರ್ಯವೂ ಭಕ್ತಿಯೂ ಒಂದೇ ಬೇರಿನಿಂದ ಹೊಮ್ಮಿದವೆಂಬುದು ವೇದ್ಯವಾಗುತ್ತದೆ.

ಕಥಾವಸ್ತು ಅತ್ಯಲ್ಪ. ಜಾಡಮಾಲಿಯೊಬ್ಬನು ಬೀದಿ ಗುಡಿಸುತ್ತಿದ್ದಾನೆ. ಶಿವಗುಡಿಗೆ ಹೊರಟ ರೈತನು ಕರೆದರೂ ಅವನು ಹೋಗುವುದಿಲ್ಲ. ಗುಡಿ ಅವನನ್ನು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಕೊನೆಗೆ ಶಿವನೇ ಜಲಗಾರನ ವೇಷದಲ್ಲಿ ಅವನೆದುರು ನಿಲ್ಲುತ್ತಾನೆ, ತಾನು ಜಗತ್ತಿಗೇ ಜಲಗಾರನೆಂದು ತಿಳಿಸುತ್ತಾನೆ. ಲಯಕರ್ತನಾದ ರುದ್ರನಿಗೆ ಪೊರಕೆ ಹಿಡಿಸಿದ ಈ ಕಲ್ಪನೆ ಎಷ್ಟು ಧೀರವೋ ಅಷ್ಟೇ ಶಾಸ್ತ್ರಸಮ್ಮತ. ಸ್ಮಶಾನವಾಸಿಗೆ ಕಸದ ಹೇಸಿಗೆಯೆಲ್ಲಿಯದು? ಇಲ್ಲಿ ವಿಚಾರವಾದವು ದೇವರನ್ನು ಅಲ್ಲಗಳೆದಿಲ್ಲ. ದೇವರು ಎಲ್ಲಿ ನಿಲ್ಲುತ್ತಾನೆಂಬುದನ್ನು ತಿದ್ದಿದೆ.

ಕವಿಯ ನಿಸರ್ಗದೃಷ್ಟಿಯನ್ನೂ ಇಲ್ಲಿಯೇ ಗಮನಿಸಬೇಕು. ಮಲೆನಾಡಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರಿಗೆ ಪ್ರಕೃತಿಯು ದೇವರ ಹಸ್ತಾಕ್ಷರ; ‘ದೇವರು ರುಜು ಮಾಡಿದನು’ ಎಂಬ ಅವರ ಕವಿತೆಯ ಶೀರ್ಷಿಕೆಯೇ ಅದನ್ನು ಸಾರುತ್ತದೆ. ಅಕ್ಕಮಹಾದೇವಿಯೂ ಗಿಳಿ, ಕೋಗಿಲೆ, ತುಂಬಿಗಳೊಡನೆ ಮಾತನಾಡಿದಳು. ಆದರೆ ಅವಳು ಕೇಳಿದ್ದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು. ಕವಿಗೆ ವನವು ದರ್ಶನ, ಅಕ್ಕನಿಗೆ ವನವು ವಿರಹ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ವಿದ್ವಾಂಸರ ಆತುರ ನನಗೆ ಒಪ್ಪಿತವಲ್ಲ.

ಈ ನಾಟಕವನ್ನು ಹಲವು ವರ್ಷ ಪಾಠಮಾಡಿದ ನಾನು ಅದನ್ನು ಕಾಯಕತತ್ತ್ವದ ಉದಾಹರಣೆಯೆಂದೇ ಮಕ್ಕಳಿಗೆ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಹಿಂಜರಿಯುತ್ತೇನೆ. ಕಾರಣ, ಸತ್ಯಕ್ಕನ ವಚನ. ‘ಶಂಭುಜಕ್ಕೇಶ್ವರ’ ಅಂಕಿತದ ಈ ಶರಣೆಯ ಕಾಯಕ ಅಂಗಳ ಗುಡಿಸುವುದೆಂದು ಪರಂಪರೆ ಹೇಳುತ್ತದೆ. ಲಂಚ ವಂಚನೆಗಳಿಗೆ ಕೈಯೊಡ್ಡುವುದಿಲ್ಲವೆಂದು ಅವಳು ಭಾಷೆ ತೊಡುತ್ತಾಳೆ. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ, ವಸ್ತ್ರ ಬಿದ್ದಿದ್ದರೂ ಮುಟ್ಟಿ ಎತ್ತುವುದಿಲ್ಲವೆಂದು ಆಣೆಯಿಡುತ್ತಾಳೆ. ಈ ಭಾಷೆಗೆ ತಪ್ಪಿ ಆಸೆಪಟ್ಟರೆ ತನ್ನನ್ನು ನರಕದಲ್ಲಿಕ್ಕಿ ಎದ್ದುಹೋಗೆಂದು ಶಿವನಿಗೇ ಹೇಳುತ್ತಾಳೆ. ಬೀದಿಯಲ್ಲಿ ಬಿದ್ದ ಹೊನ್ನು ಮೊದಲು ಕಣ್ಣಿಗೆ ಬೀಳುವುದು ಗುಡಿಸುವವರಿಗಲ್ಲವೆ? ಆ ವಚನದ ಸತ್ತ್ವವಿರುವುದು ಈ ಒಂದು ಕ್ಷಣದಲ್ಲಿ.

ಇವರಿಬ್ಬರಲ್ಲಿ ಎಷ್ಟು ಅಂತರ! ನಾಟಕದ ಜಲಗಾರನು ಏಕಾಕಿ. ಅವನ ಹಿಂದೆ ಸಂಗವಿಲ್ಲ, ಅವನ ಮಾತನ್ನು ಆಲಿಸುವ ಅನುಭವಗೋಷ್ಠಿಯಿಲ್ಲ. ಶಿವನು ಬಂದು ಅಪ್ಪಿಕೊಂಡ ಮೇಲೂ ಗುಡಿಯ ಬಾಗಿಲು ಮುಚ್ಚಿಯೇ ಇದೆ, ಬೆಳಗಾದರೆ ಪೊರಕೆ ಅವನ ಕೈಯಲ್ಲಿಯೇ ಇರುತ್ತದೆ. ಸತ್ಯಕ್ಕನಾದರೋ ಶರಣರ ಸಮೂಹದಲ್ಲಿ ನಿಂತು ಭಾಷೆ ಕೊಟ್ಟವಳು; ಅವಳ ಪೊರಕೆ ಅವಳೇ ಒಪ್ಪಿ ಹಿಡಿದದ್ದು. ಹುಟ್ಟಿನಿಂದ ಹೇರಿದ ದುಡಿಮೆ ಕಾಯಕವಾಗಲಾರದು. ಜಾಡಮಾಲಿಯ ಕೆಲಸವನ್ನು ಪೂಜೆಯೆಂದು ಕೊಂಡಾಡುವಾಗ ಅವನನ್ನು ಅಲ್ಲಿಯೇ ಉಳಿಸುವ ಅಪಾಯವಿದೆ. ಮಲಹೊರುವ ಪದ್ಧತಿಯನ್ನು ತಡೆಯಲು 2013ರಲ್ಲಿ ಕೇಂದ್ರ ಸರ್ಕಾರ ಮತ್ತೊಂದು ಕಾಯಿದೆ ತರಬೇಕಾಯಿತೆಂಬುದನ್ನು ನೆನೆದರೆ ಈ ಆಕ್ಷೇಪ ಬರಿಯ ಸಾಹಿತ್ಯಚರ್ಚೆಯದಲ್ಲವೆಂಬುದು ತಿಳಿದೀತು.

ಕವಿಯ ಮೇಲೆ ಇದನ್ನು ದೋಷವೆಂದು ಹೊರಿಸುವ ಮುನ್ನ ನಮ್ಮನ್ನೂ ನೋಡಿಕೊಳ್ಳಬೇಕು. ಸ್ಥಾವರಕ್ಕೆ ಬಿದ್ದ ಪೆಟ್ಟೆಂದು ವೀರಶೈವರಾದ ನಾವು ‘ಜಲಗಾರ’ವನ್ನು ಸಂತೋಷದಿಂದ ಓದುತ್ತೇವೆ. ಮಠದ ಪಂಕ್ತಿಯಲ್ಲಿ, ಮದುವೆಯ ಮಾತುಕತೆಯಲ್ಲಿ ಒಳಪಂಗಡ ಕೇಳುವಾಗ ನಮ್ಮೊಳಗಿನ ಸ್ಥಾವರ ಕಾಣುವುದಿಲ್ಲ. ಮತದ ಅಂಕುಶವಿಲ್ಲದ ಮತಿ ಬೇಕೆಂದು ಕುವೆಂಪು ತರುಣರಿಗೆ ಕರೆಕೊಟ್ಟರು; ಆ ಕರೆ ವಿಭೂತಿ ಧರಿಸಿದ ನಮ್ಮನ್ನು ಬಿಟ್ಟು ಉಳಿದವರಿಗೆ ಮಾತ್ರ ಕೊಟ್ಟದ್ದಲ್ಲ.

ಕವಿಯೂ 1928ರಲ್ಲಿಯೇ ನಿಲ್ಲಲಿಲ್ಲ. ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನ ಕಥೆಯನ್ನು ತಿರುಗಿಸಿ, ದೂರು ತಂದ ಬ್ರಾಹ್ಮಣನೇ ತಪಸ್ವಿಗೆ ತಲೆಬಾಗುವಂತೆ ಮಾಡಿದರು. ಪುರಾಣವನ್ನು ಹೀಗೆ ಬದಲಿಸಬಾರದೆಂದು ಮಾಸ್ತಿಯವರು ಆಕ್ಷೇಪಿಸಿದ್ದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ನನಗಾದರೋ ಆ ನಾಟಕಕ್ಕಿಂತ ಹಿರಿದಾಗಿ ಕಾಣುವುದು ‘ಮಂತ್ರಮಾಂಗಲ್ಯ’. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಪುರೋಹಿತರಿಲ್ಲದೆ ನೆರವೇರಿಸಿದ ಕ್ರಮವಿದು. ಗುಡಿಯ ಹೊರಗೆ ಒಬ್ಬನಿಗೇ ಆದ ಶಿವದರ್ಶನವಲ್ಲ ಇದು. ವಧೂವರರು ಜಾತಿಯ ಕಟ್ಟುಗಳಿಂದ ಬಿಡುಗಡೆ ಹೊಂದಿದೆವೆಂಬ ಮಾತನ್ನು ನೆರೆದವರೆದುರು ನುಡಿಯುತ್ತಾರೆ. ನೆರೆದವರು ಅದಕ್ಕೆ ಸಾಕ್ಷಿಯಾಗುತ್ತಾರೆ. ಸತ್ಯಕ್ಕನು ಶರಣರೆದುರು ತೊಟ್ಟದ್ದೂ ಇಂತಹುದೇ ಒಂದು ಭಾಷೆ.