ಬಣ್ಣ ಬಳಿಯದ ಗೋಡೆಗಳು: ಸಾಲ್ಕ್ ಸಂಸ್ಥೆಯ ಒಳಮೈ

ಪ್ರಯೋಗಾಲಯದ ಗೋಡೆಗೆ ಏನು ಬಳಿಯಬೇಕು, ಸೀಲಿಂಗ್ ಹೇಗಿರಬೇಕು ಎಂಬುದು ಎಷ್ಟೋ ಸಲ ತೀರ್ಮಾನವಾಗುವುದು ಕಟ್ಟಡ ಎದ್ದು ನಿಂತ ಮೇಲೆ. ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ 1965ರಲ್ಲಿ ಪೂರ್ಣಗೊಂಡ ಸಾಲ್ಕ್ ಸಂಸ್ಥೆಯಲ್ಲಿ ಆ ತೀರ್ಮಾನ ಮೊದಲೇ ಆಗಿತ್ತು. ಅದರ ಹಿರಿಮೆಯೂ ಇಲ್ಲಿದೆ, ಮಿತಿಯೂ ಇಲ್ಲಿದೆ.

ಸಂಸ್ಥೆಯ ಸ್ಥಾಪಕ, ಪೋಲಿಯೊ ಲಸಿಕೆಯ ಜೋನಾಸ್ ಸಾಲ್ಕ್ ಬಯಸಿದ್ದು ಸರಳವಾದ, ಗಟ್ಟಿಯಾದ, ಹೆಚ್ಚು ಆರೈಕೆ ಬೇಡದ ಸಾಮಗ್ರಿ. ವಾಸ್ತುಶಿಲ್ಪಿ ಲೂಯಿ ಕಾನ್ ಕಾಂಕ್ರೀಟ್, ತೇಗ, ಗಾಜು, ಸೀಸ, ಉಕ್ಕುಗಳನ್ನು ಆರಿಸಿಕೊಂಡರು. ಜ್ವಾಲಾಮುಖಿಯ ಬೂದಿ ಬೆರೆತ ಕಾಂಕ್ರೀಟಿಗೆ ನಸುಗೆಂಪು ಛಾಯೆ ಬಂತು. ಅಚ್ಚು ಬಿಚ್ಚಿದ ಮೇಲೆ ಉಜ್ಜುವುದು, ತುಂಬುವುದು, ಬಣ್ಣ ಬಳಿಯುವುದು ಯಾವುದೂ ಇಲ್ಲ. ಅಚ್ಚಿನ ಕೂಡುಗೆರೆಗಳು ಹಾಗೇ ಉಳಿದವು. ಅಚ್ಚನ್ನು ಬಿಗಿದ ಸರಳುಗಳು ಬಿಟ್ಟ ತೂತುಗಳಿಗೆ ಮಾತ್ರ ಸೀಸದ ಬಿರಡೆ ಹಾಕಿದರು.

ಈ ಬರಿಮೈ ಸಾಧ್ಯವಾದದ್ದು ರಚನೆಯ ಬಲದಿಂದ. ಪ್ರಯೋಗಾಲಯದ ಒಂದೊಂದು ಅಂತಸ್ತಿನ ಮೇಲೂ ಪೈಪು, ತಂತಿ, ಗಾಳಿಕೊಳವೆಗಳಿಗೇ ಮೀಸಲಾದ ಇನ್ನೊಂದು ಅಂತಸ್ತಿದೆ. ಚಾವಣಿಯ ಸೀಳುಗಳಿಂದ ಅವು ಬೇಕಾದಲ್ಲಿಗೆ ಇಳಿಯುತ್ತವೆ. ಮುಚ್ಚಿಡಲು ಏನೂ ಇಲ್ಲದ್ದರಿಂದ ಸುಳ್ಳು ಸೀಲಿಂಗೂ ಬೇಕಿಲ್ಲ. ಸಂಶೋಧನೆಯ ದಿಕ್ಕು ಬದಲಾದಾಗ ಗೋಡೆ ಒಡೆಯದೆ ಮೇಜುಗಳನ್ನು ಬೇರೆಡೆ ಹೂಡಬಹುದು. ಯಂತ್ರಗಳಿಂದ ದೂರ, ಕಡಲಿಗೆ ಮುಖ ಮಾಡಿದ 36 ಅಧ್ಯಯನ ಕೊಠಡಿಗಳಿಗಾದರೆ ತೇಗದ ಮೆತ್ತನೆಯ ಬಣ್ಣ. ಕೈ ಕೆಲಸ ಮಾಡುವ ಜಾಗಕ್ಕೂ ಮನಸ್ಸು ಕೆಲಸ ಮಾಡುವ ಜಾಗಕ್ಕೂ ಬೇರೆ ಬೇರೆ ಮೈ ಬೇಕೆಂಬ ಈ ವಿವೇಕವೇ ನನಗೆ ಕಟ್ಟಡದ ಶ್ರೇಷ್ಠ ಗುಣವಾಗಿ ಕಾಣುತ್ತದೆ.

ಆದರೆ ಆರೈಕೆ ಬೇಡದ ಸಾಮಗ್ರಿ ಎಂಬ ನಂಬಿಕೆ ಉಳಿಯಲಿಲ್ಲ. ಕಡಲಗಾಳಿಗೆ ಒಡ್ಡಿದ ತೇಗಕ್ಕೆ ಶಿಲೀಂಧ್ರ ಹತ್ತಿತು, ಬಣ್ಣ ಅಲ್ಲಲ್ಲಿ ಕಪ್ಪಿಟ್ಟಿತು. ಗೆಟ್ಟಿ ಸಂರಕ್ಷಣಾ ಸಂಸ್ಥೆಯ ನೆರವಿನ ದುರಸ್ತಿ ಮುಗಿದದ್ದು 2017ರಲ್ಲಿ. ಮೂಲ ಮರದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಉಳಿಸಿಕೊಳ್ಳಲಾಯಿತು. ಕೆಟ್ಟಷ್ಟನ್ನೇ ತೆಗೆದು ಉಳಿದದ್ದನ್ನು ಕಾಪಾಡಲು ಬಂದದ್ದು ಆ ಸಾಮಗ್ರಿಯ ದೊಡ್ಡತನ.

ಹಾಗೆಂದು ಬರಿ ಕಾಂಕ್ರೀಟನ್ನು ಎಲ್ಲೆಡೆ ಅನುಕರಿಸುವುದು ತಪ್ಪು. ಅದರ ಸೂಕ್ಷ್ಮ ರಂಧ್ರಗಳು ಚೆಲ್ಲಿದ ದ್ರವವನ್ನು ಹೀರುತ್ತವೆ. ರೋಗಾಣುಗಳೊಡನೆ ಕೆಲಸ ಮಾಡುವ ಕೋಣೆಗೆ ನೀರು ಹೀರದ, ಸಂದಿಲ್ಲದ, ಸೋಂಕುನಿವಾರಕದಿಂದ ಒರೆಸಬಲ್ಲ ಮೈಯೇ ಬೇಕು. ಅಲ್ಲಿ ಎಪಾಕ್ಸಿಯಂಥ ನೆಲವೇ ಸರಿ. ಕಾನ್‌ರಿಂದ ಕಲಿಯಬೇಕಾದದ್ದು ಕಾಂಕ್ರೀಟಿನ ಮೋಹವನ್ನಲ್ಲ. ಕೋಣೆಯಲ್ಲಿ ನಡೆಯುವ ಕೆಲಸ, ಅದು ನಾಳೆ ಬದಲಾಗುವ ಬಗೆ, ದುರಸ್ತಿಯ ದಾರಿ, ಇವಿಷ್ಟನ್ನೂ ನಕ್ಷೆಯ ಹಂತದಲ್ಲೇ ತೂಗಿನೋಡುವ ಶಿಸ್ತನ್ನು.